ಚಿಲಕ ಬೀಳುವ ಬಾತ್‌ರೂಮು

ಮೋಡದ ಚೂರೂ ಇಲ್ಲದ ಒಂದು ಭಾನುವಾರ ಬೆಳಿಗ್ಗೆ ಕೆಳಮನೆಯ ನರ್ಸಮ್ಮ ಬಿಚ್ಚಿದ ಛತ್ರಿ ಹಿಡಿದುಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದರು. ಛತ್ರಿಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹೊರಗೆ ಮಳೆನಾ ನರ್ಸಮ್ಮ?" ಅಂದೆ.

"ಹೊರಗಲ್ಲ, ಒಳಗೆ. ನನ್ನ ಬಾತ್‌ರೂಮಲ್ಲಿ. ಕೂತ ಕಡೆ ನೆತ್ತಿ ಮೇಲೆ ತೊಟಕ್ ತೊಟಕ್ ಅಂತ ಬೀಳ್ತಿದೆ. ನನ್ನ ನೆತ್ತಿ ಮೇಲೆ ಏನಿದೆ, ಹೇಳು ನೋಡೋಣ?"

ಅವರ ನೆತ್ತಿಯ ಮೇಲೆ ನಮ್ಮ ಬಾತ್‌ರೂಮಿದೆ. ಇಬ್ಬರಿಗೂ ಗೊತ್ತಿರುವ ಸಂಗತಿಯನ್ನು ಮತ್ತೆ ಬಾಯಿಬಿಟ್ಟು ಹೇಳುವುದೇಕೆ ಅಂತ ಸುಮ್ಮನೆ ತಲೆ ತಗ್ಗಿಸಿದೆ.

ನರ್ಸಮ್ಮ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು. ಅವರು ಆಸ್ಪತ್ರೆಯಿಂದ ನಿವೃತ್ತರಾದರೂ ಆಸ್ಪತ್ರೆ ಇನ್ನೂ ಅವರಿಂದ ನಿವೃತ್ತವಾಗಿಲ್ಲ. ಯಾರನ್ನು ನೋಡಿದರೂ ಮೊದಲು ನಾಲಿಗೆಯ ಬಣ್ಣ ನೋಡುತ್ತಾರೆ, ಆಮೇಲೆ ಮುಖ. ನಾನು ಕನ್ನಡಕದ ಅಂಗಡಿಯಲ್ಲಿ "ಈಗ ಕಾಣ್ತಾ? ಈಗ?" ಅಂತ ಊರಿನವರ ಕಣ್ಣು ತೆರೆಸಿ ಸಂಜೆ ಮನೆಗೆ ಬರುವವರೆಗೂ ನನ್ನ ಇಬ್ಬರು ಮಕ್ಕಳನ್ನು ನೋಡಿಕೊಳ್ಳುವವರು ಇದೇ ನರ್ಸಮ್ಮ. ಅಂದರೆ ನಮ್ಮ ಸಂಸಾರ ನಿಂತಿರುವುದು ಅವರ ತಲೆಯ ಮೇಲೆ. (ಈಗ ಸೋರುತ್ತಿರುವುದೂ ಅಲ್ಲಿಗೇ.)

"ನೋಡಮ್ಮ," ಅಂದರು ನರ್ಸಮ್ಮ, ಛತ್ರಿ ಮಡಚುತ್ತಾ. "ಇದು ರಿಪೇರಿ ಆಗೋವರೆಗೂ ನಿಮ್ಮ ಬಾತ್‌ರೂಮಲ್ಲಿ ಒಂದು ಹನಿ ನೀರು ಬೀಳಕೂಡದು. ಬಿತ್ತು ಅಂತ ಗೊತ್ತಾದ್ರೆ, ನಾಳೆಯಿಂದ ನಿನ್ನ ಮಕ್ಕಳನ್ನ ನಿನ್ನ ಅಂಗಡಿಗೇ ಕರ್ಕೊಂಡು ಹೋಗು."

ನನ್ನ ಎದೆ ಧಸಕ್ಕೆಂದಿತು. ನಮ್ಮ ಅಂಗಡಿಯ ನಾಲ್ಕೂ ಗೋಡೆ ಗಾಜು.

ಮಕ್ಕಳ ಪರಿಚಯ ಮಾಡಿಕೊಡದಿದ್ದರೆ ಆ ಧಸಕ್ಕು ನಿಮಗೆ ಅರ್ಥವಾಗಲಿಕ್ಕಿಲ್ಲ. ದೊಡ್ಡವಳು ಈಗಷ್ಟೇ ಶಾಲೆಗೆ ಸೇರಿದ್ದಾಳೆ. ಮನೆಯಲ್ಲಿ ಅವಳನ್ನು ಲಾಯರಮ್ಮ ಅಂತೀವಿ. ನೀವು ಹೇಳಿದ ಮಾತನ್ನು ಜೋಪಾನವಾಗಿ ಇಟ್ಟುಕೊಂಡು, ಸರಿಯಾದ ಹೊತ್ತಿಗೆ ನಿಮ್ಮ ಮೇಲೇ ಪ್ರಯೋಗಿಸುತ್ತಾಳೆ. ಚಿಕ್ಕವನು ಅಂಟು. ಹುಟ್ಟಿದಾಗಿನಿಂದ ನನ್ನ ಕಾಲಿಗೆ ಅಂಟಿಕೊಂಡೇ ಇದ್ದಾನೆ. ನಾನು ನಡೆಯುವುದು ನೋಡಿದರೆ ಕಾಲಿಗೆ ಏನಾದರೂ ಪೆಟ್ಟಾಗಿದೆಯಾ ಅಂತ ಜನ ವಿಚಾರಿಸುತ್ತಾರೆ. ಇಲ್ಲ, ಮಗನಾಗಿದೆ.

ಒಮ್ಮೆ ಈ ಅಂಟು ಬಾತ್‌ರೂಮಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡುಬಿಟ್ಟಿದ್ದ. ತೆಗೆಯಲು ಬರಲಿಲ್ಲ. ಅವನು ಒಳಗೆ ಅತ್ತ, ನಾವು ಹೊರಗೆ ಅತ್ತೆವು. ಅವತ್ತೇ ನನ್ನ ಗಂಡ ಆ ಚಿಲಕವನ್ನು ಬಿಚ್ಚಿ ಎಸೆದರು. ಅಂದಿನಿಂದ ನಮ್ಮ ಬಾತ್‌ರೂಮು ಸಾರ್ವಜನಿಕ ಸ್ಥಳ. ಬಾಗಿಲಿಗೆ ಒಂದು ತುಂಬಿದ ಬಕೆಟ್ಟು ಅಡ್ಡ ಇಟ್ಟು ಒಳಗೆ ಕೂರಬೇಕು. ಬಕೆಟ್ಟು ನಿಧಾನವಾಗಿ ಸರಿಯುತ್ತಾ ಬರುತ್ತದೆ, ಸಂದಿಯಲ್ಲಿ ಐದು ಬೆರಳು ಕಾಣುತ್ತವೆ, ಅದರ ಮೇಲೆ ಲಾಯರಮ್ಮನ ಮುಖ: "ಅಮ್ಮಾ, ಅವನು ನನ್ನ ಪೆನ್ಸಿಲ್ ಮೂಸಿದ. ಮೂಸೋದು ತಪ್ಪಾ ಅಲ್ವಾ?" ಜಗತ್ತಿನಲ್ಲಿ ಕೂತುಕೊಂಡು ತೀರ್ಪು ಕೊಡುವ ನ್ಯಾಯಾಧೀಶರು ಬೇಕಾದಷ್ಟಿದ್ದಾರೆ. ನನ್ನ ಹಾಗೆ ಕೂತು ಕೊಡುವವರು ಬೇರೆ ಯಾರೂ ಇರಲಾರರು.

ಇನ್ನು ನನ್ನ ಗಂಡ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಾರೆ. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಜೀವ ಕೈಯಲ್ಲಿ ಹಿಡಿದುಕೊಂಡು "ನಿಧಾನ, ಗಾಬರಿ ಬೇಡ" ಅನ್ನುವುದು ಅವರ ವೃತ್ತಿ. ಮನೆಗೆ ಬಂದರೂ ಅದೇ. ನರ್ಸಮ್ಮನ ಎಚ್ಚರಿಕೆ ತಿಳಿಸಿದಾಗ ಅವರ ಕಾಲು ಸೋಫಾದ ಕೆಳಗೆ ಇಲ್ಲದ ಬ್ರೇಕನ್ನು ಹುಡುಕಿತು.

"ಗಾಬರಿ ಬೇಡ. ಪ್ಲಂಬರನ್ನ ಕರೆಯೋಣ."

"ಯಾವಾಗ?"

"ನಿಧಾನ..."

ಪ್ಲಂಬರಿಗೆ ಫೋನು ಮಾಡಿದವಳು ನಾನೇ. "ದಾರೀಲೇ ಇದೀನಿ ಅಕ್ಕಾ" ಅಂದ. ಮಧ್ಯಾಹ್ನ ಮಾಡಿದಾಗಲೂ ದಾರಿಯಲ್ಲೇ ಇದ್ದ. ಸಂಜೆಗೂ. ಮಾರನೆಯ ದಿನ ಬಂದಾಗ, ಅಷ್ಟು ಉದ್ದದ ದಾರಿ ಸವೆಸಿದ ಆಯಾಸವೇನೂ ಮುಖದಲ್ಲಿರಲಿಲ್ಲ. ಬಾತ್‌ರೂಮಿನ ನೆಲವನ್ನು ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ಕುಟ್ಟಿ, ಕಿವಿಗೊಟ್ಟು ಕೇಳಿ, "ಸಣ್ಣ ಕೆಲಸ" ಅಂದ. ಆಮೇಲೆ ಅರ್ಧ ನೆಲ ಒಡೆದುಹಾಕಿದ.

ಮಕ್ಕಳಿಗೆ ಇದಕ್ಕಿಂತ ದೊಡ್ಡ ಸಡಗರ ಇನ್ನೊಂದಿಲ್ಲ. ತಾವು ಒಂದು ಲೋಟ ಒಡೆದರೆ ಬೈಯುವ ಅಮ್ಮ, ಯಾರೋ ಮಾಮ ಬಂದು ನೆಲವನ್ನೇ ಒಡೆದರೂ ಅವನಿಗೆ ಕಾಫಿ ಕೊಡುತ್ತಿದ್ದಾಳೆ! ಲಾಯರಮ್ಮ ಈ ಅಂಶವನ್ನು ನನ್ನ ಗಮನಕ್ಕೆ ತಂದಳು.

ನೀರು ಹೋಗುವ ಪೈಪಿನ ಜಾಯಿಂಟು ಬಾಯಿಬಿಟ್ಟಿತ್ತು. ಯಾಕೆ ಬಿಟ್ಟಿತು ಅಂತ ಪ್ಲಂಬರ್ ಅದರೊಳಗೆ ಕೈ ಹಾಕಿದ. ಮೊದಲು ಒಂದು ಚಮಚ ಬಂತು. ಆಮೇಲೆ ಅರ್ಧ ಬಾಚಣಿಗೆ, ಆಟದ ರೈಲಿನ ಎರಡು ಚಕ್ರ, ನನ್ನ ಗಂಡನ ಒಂದು ಸಾಕ್ಸು, ಕೊನೆಗೆ ಉದ್ದ ಕುತ್ತಿಗೆಯ ಒಂದು ಪ್ಲಾಸ್ಟಿಕ್ ಜಿರಾಫೆ. ಎಲ್ಲವನ್ನೂ ಹಳೆಯ ಪೇಪರಿನ ಮೇಲೆ ಸಾಲಾಗಿ ಜೋಡಿಸಿಟ್ಟ.

"ಇದನ್ನೆಲ್ಲ ಯಾರು ಹಾಕಿದ್ದು?" ಅಂದೆ.

ಅಂಟು ನನ್ನ ಕಾಲಿನಿಂದ ಮುಖ ಎತ್ತಿ ಹೆಮ್ಮೆಯಿಂದ ಹೇಳಿದ: "ನಾನು. ಈಜಕ್ಕೆ ಕಳಿಸ್ದೆ."

"ಜಾಲರಿ ಹೇಗೆ ತೆಗೆದೆ?"

"ಚಮಚದಲ್ಲಿ."

"ಮತ್ತೆ ಚಮಚ?"

"ಅದೂ ಈಜ್ತೀನಿ ಅಂತು."

"ಬಯ್ಯಬೇಡ," ಅಂದರು ನನ್ನ ಗಂಡ. "ಒನ್ ವೇ ಅಂತ ಅವನಿಗೆ ಗೊತ್ತಿಲ್ಲ, ಪಾಪ."

ನೆಲ ಒಡೆದಾಯಿತು. ಈಗ ಮೂಲಭೂತ ಪ್ರಶ್ನೆ: ನಾವು ನಾಲ್ಕು ಜನ ಎಲ್ಲಿಗೆ ಹೋಗುವುದು? ಬೇರೆ ದಾರಿಯಿಲ್ಲದೆ, ಯಾರ ತಲೆಯ ಮೇಲೆ ನೀರು ಸುರಿಸಿದ್ದೆವೋ ಅವರ ಬಾಗಿಲಿಗೇ ಹೋಗಿ ನಿಂತೆ. ನರ್ಸಮ್ಮ ಕಟುಕರಲ್ಲ, ಶಿಸ್ತಿನವರು ಅಷ್ಟೆ. "ಬನ್ನಿ. ಆದ್ರೆ ಒಬ್ಬೊಬ್ಬರೇ. ಬಕೆಟ್ಟು ತುಂಬಿಸಿಡಬೇಕು, ಮಗ್ಗು ಬೋರಲು ಹಾಕಬೇಕು, ಕಾಲು ಒರೆಸಿ ಹೊರಗೆ ಬರಬೇಕು. ಮಕ್ಕಳು ಹೊರಗೆ ಬೆಂಚಿನ ಮೇಲೆ. ಸದ್ದು ಮಾಡಿದವರಿಗೆ ಇಂಜೆಕ್ಷನ್."

ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಸೋಪಿನ ಡಬ್ಬಿ ಹಿಡಿದು, ನಮ್ಮ ಕುಟುಂಬ ಮೆಟ್ಟಿಲಿಳಿಯುವ ಮೆರವಣಿಗೆಯನ್ನು ಎದುರುಮನೆಯವರು ಕಿಟಕಿಯಿಂದ ನೋಡಿದರು. ಮಾನ ಹೋಯಿತು ಅಂದುಕೊಂಡೆ. ನನ್ನ ಸರದಿ ಬಂತು. ಒಳಗೆ ಹೋದೆ. ಅಭ್ಯಾಸಬಲದಿಂದ ಬಾಗಿಲಿಗೆ ಅಡ್ಡ ಇಡಲು ಬಕೆಟ್ಟು ಎಳೆಯುತ್ತಾ ತಲೆ ಎತ್ತಿದಾಗ ಕಂಡಿತು.

ಚಿಲಕ.

ದಪ್ಪನೆಯ, ಕಬ್ಬಿಣದ, ಎಣ್ಣೆ ಹಾಕಿದ ಚಿಲಕ. ಮೇಲಕ್ಕೆ ತಳ್ಳಿದೆ. ಠಕ್ ಅಂತ ಬಿತ್ತು. ಆ ಸದ್ದು ಕೇಳಿ ನನ್ನ ಭುಜಗಳು ತಾವಾಗಿಯೇ ಕೆಳಗಿಳಿದವು. ಅವು ಅಷ್ಟು ದಿನ ಮೇಲೆಯೇ ಇದ್ದವು ಅಂತ ನನಗೆ ಆಗಲೇ ಗೊತ್ತಾದದ್ದು.

ಎತ್ತರದ ಕಿಟಕಿಯಿಂದ ಬಿಸಿಲಿನ ಒಂದು ತುಂಡು ಗೋಡೆಯ ಮೇಲೆ ಬಿದ್ದಿತ್ತು. ಮೂಲೆಯಲ್ಲಿ ಒಂದು ಮರದ ಸ್ಟೂಲು. ನಾನು ಸ್ನಾನ ಮುಗಿಸಿ, ಬಟ್ಟೆ ಹಾಕಿಕೊಂಡು, ಆ ಸ್ಟೂಲಿನ ಮೇಲೆ ಕೂತೆ. ಸುಮ್ಮನೆ. ಯಾರೂ ಅಮ್ಮಾ ಅನ್ನಲಿಲ್ಲ. ಯಾರೂ "ಲೇ, ನನ್ನ ಬೀಗದಕೈ ಎಲ್ಲಿ?" ಅನ್ನಲಿಲ್ಲ. ಯಾರೂ ನನ್ನ ಸೆರಗಿನಲ್ಲಿ ಮೂಗು ಒರೆಸಿಕೊಳ್ಳಲಿಲ್ಲ. ಬಿಸಿಲಿನ ತುಂಡು ಒಂದು ಟೈಲ್ಸಿನಿಂದ ಇನ್ನೊಂದಕ್ಕೆ ದಾಟುವುದನ್ನು ನೋಡುತ್ತಾ ಕೂತೆ. ಕಣ್ಣಲ್ಲಿ ನೀರು ಬಂತು. (ಇದು ಬೇರೆ ಜಾಯಿಂಟು. ಇದಕ್ಕೆ ಪ್ಲಂಬರ್ ಬೇಕಿಲ್ಲ.)

ಅವತ್ತಿನಿಂದ ನನ್ನ ಬುದ್ಧಿ ಕೆಟ್ಟಿತು.

ಮೊದಲು ಪ್ಲಂಬರ್ ಬರಲಿಲ್ಲ ಅಂತ ಗೋಳಾಡುತ್ತಿದ್ದವಳು, ಈಗ ಅವನು ಬಂದರೆ ಗೋಳಾಡತೊಡಗಿದೆ. "ಇವತ್ತು ಪೈಪು ಕೂರಿಸಿ ಮುಗಿಸ್ಬಿಡ್ತೀನಿ ಅಕ್ಕ," ಅಂತ ಬೆಳಿಗ್ಗೆ ಬೆಳಿಗ್ಗೆಯೇ ಬಂದು ನಿಂತ.

"ಏನಪ್ಪಾ ಅಷ್ಟು ಆತುರ? ತಿಂಡಿ ತಿಂದ್ಯಾ? ನಿಂಗೂ ಬೇರೆ ಕಡೆ ಕೆಲಸ ಇರುತ್ತಲ್ಲ, ಅದನ್ನ ಮುಗಿಸ್ಕೊಂಡು ಬಾ."

ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಏನಂದ್ರಿ ಅಕ್ಕ?"

"ನಿಧಾನಕ್ಕೆ ಮಾಡು ಅಂದೆ."

"ನಾನು ಈ ಕೆಲಸಕ್ಕೆ ಬಂದಾಗಿನಿಂದ ಒಬ್ರೂ ಹೀಗೆ ಹೇಳಿಲ್ಲ ಅಕ್ಕ. ಎಲ್ರೂ ಬೈಯೋರೇ," ಅಂತ ಗದ್ಗದನಾದ. ನನ್ನ ಒಳ್ಳೆಯತನಕ್ಕೆ ಸೋತು, ಉಳಿದ ಮನೆಗಳ ಕೆಲಸವನ್ನೆಲ್ಲ ಬಿಟ್ಟು, ತಮ್ಮನನ್ನೂ ಕರೆತಂದು, ಎದ್ದುಬಿದ್ದು ಕೆಲಸ ಮಾಡಿ, ಹೊಸ ಟೈಲ್ಸನ್ನೂ ಕೂರಿಸಿ ಮುಗಿಸಿಬಿಟ್ಟ. "ನಾಳೆ ಬೆಳಿಗ್ಗೆಯಿಂದ ಧಾರಾಳವಾಗಿ ನೀರು ಹಾಕಿ ಅಕ್ಕ," ಅಂತ ನಗುನಗುತ್ತಾ ಹೋದ.

ಪ್ಲಂಬರ್ ಬರುತ್ತಾನೆ ಅಂತ ನಾನು ಅಂಗಡಿಗೆ ರಜಾ ಹಾಕಿದ್ದೆ. ಆಗ ಮನೆಯಲ್ಲಿ ನಾನು ಮತ್ತು ನನ್ನ ಕಾಲಿಗೆ ಅಂಟು, ಇಬ್ಬರೇ. ಅಂಟುವಿಗೆ ಇವೆಲ್ಲ ತಿಳಿಯದು. ಸಂಜೆ ಗಂಡ ಬಂದು "ಮುಗೀತಾ?" ಅಂದಾಗ, ನನ್ನ ನಾಲಿಗೆ ನನ್ನನ್ನು ಕೇಳದೆಯೇ ಹೊರಳಿತು.

"ಮುಗೀತು. ಆದ್ರೆ ಸಿಮೆಂಟು ಒಣಗಬೇಕಂತೆ. ಇನ್ನೂ ಸುಮಾರು ದಿನ ಒಂದು ಹನಿ ನೀರು ಬೀಳಕೂಡದಂತೆ."

ನನ್ನ ಗಂಡ ಕರ್ತವ್ಯನಿಷ್ಠರು. ಮಾರನೆಯ ದಿನವೇ ಡ್ರೈವಿಂಗ್ ಸ್ಕೂಲಿನಿಂದ ಕಿತ್ತಳೆ ಬಣ್ಣದ ರಬ್ಬರ್ ಕೋನುಗಳನ್ನು ತಂದು ಬಾತ್‌ರೂಮಿನ ಮುಂದೆ ಅಡ್ಡ ಇಟ್ಟರು. ಲಾಯರಮ್ಮ "ಒಂದು ಹನಿ ಬೀಳಕೂಡದು" ಅನ್ನುವ ಕಾನೂನನ್ನು ಬಾಯಿಪಾಠ ಮಾಡಿಕೊಂಡಳು. ಪಾಪ, ನರ್ಸಮ್ಮನಿಗೆ ಹೊರೆಯಾಗಬಾರದು ಅಂತ ಇವರು ತಮ್ಮ ಸ್ನಾನವನ್ನು ಸ್ಕೂಲಿನಲ್ಲಿ ಕಾರು ತೊಳೆಯುವ ಪೈಪಿನಲ್ಲೇ ಮುಗಿಸಿಕೊಂಡು ಬರತೊಡಗಿದರು. ಸಂಜೆ ಮೈಯಿಂದ ಕಾರಿನ ಶಾಂಪೂ ವಾಸನೆ ಬರುತ್ತಿತ್ತು. ನೋಡಿ ಕರುಳು ಚುರುಕ್ ಅನ್ನುತ್ತಿತ್ತು. ಚಿಲಕ ನೆನಪಾದರೆ ಚುರುಕು ಸ್ವಲ್ಪ ಕಡಿಮೆಯಾಗುತ್ತಿತ್ತು.

ನಾನು ಮಾತ್ರ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೆಳಗಿಳಿದು ಸ್ಟೂಲಿನ ಮೇಲೆ ಕೂತು ಬರುತ್ತಿದ್ದೆ. ಹೊರಗೆ ಬೆಂಚಿನ ಮೇಲೆ ಮಕ್ಕಳು ಇಂಜೆಕ್ಷನ್ನಿಗೆ ಹೆದರಿ ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದವು. ಸ್ವರ್ಗಕ್ಕೆ ಇಷ್ಟು ಹತ್ತಿರದಲ್ಲಿ ಫಿನಾಯಿಲ್ ವಾಸನೆ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಒಂದು ಸಂಜೆ ಹೊರಗೆ ಬಂದಾಗ ನರ್ಸಮ್ಮ ಕೈಗಡಿಯಾರ ನೋಡುತ್ತಾ ನಿಂತಿದ್ದರು. "ನಾಲಿಗೆ ತೋರಿಸು," ಅಂದರು. ತೋರಿಸಿದೆ. "ಹೂಂ," ಅಂದರು. ಅಷ್ಟೇ. ಆ ಹೂಂಕಾರ ನನಗೆ ಹಿಡಿಸಲಿಲ್ಲ. ಆಮೇಲೆ ನನ್ನ ಗಂಡನನ್ನು ಮೆಟ್ಟಿಲ ಬಳಿ ನಿಲ್ಲಿಸಿಕೊಂಡು ಪಿಸುಪಿಸು ಮಾತಾಡುತ್ತಿದ್ದುದನ್ನೂ ಕಂಡೆ.

ಊಟಕ್ಕೆ ಕೂತಾಗ ಇವರು ತಟ್ಟೆ ನೋಡುತ್ತಾ ಗಂಟಲು ಸರಿ ಮಾಡಿಕೊಂಡರು.

"ಲೇ, ನಿನಗೆ... ಅಂದ್ರೆ... ಒಳಗೆ ಏನಾದ್ರೂ... ಟ್ರಾಫಿಕ್ ಜಾಮಾ?"

"ಏನಂದ್ರಿ?"

"ಗಾಬರಿ ಬೇಡ. ನರ್ಸಮ್ಮ ಹೇಳಿದ್ರು. ಅಷ್ಟು ಹೊತ್ತು ಒಳಗೆ ಕೂತಿರ್ತಾಳೆ, ನೀರಿನ ಸದ್ದೂ ಇಲ್ಲ, ಪಾಪ ಎಷ್ಟು ಕಷ್ಟಪಡ್ತಾಳೋ ಅಂದ್ರು. ಹೊರಗೆ ಬಂದಾಗ ಕಣ್ಣು ಬೇರೆ ಒದ್ದೆಯಾಗಿರುತ್ತಂತೆ."

ಲಾಯರಮ್ಮ ತಕ್ಷಣ ವಿಷಯ ಗ್ರಹಿಸಿದಳು. "ಅಮ್ಮನ ಪೈಪೂ ಕಟ್ಟಿಕೊಂಡಿದ್ಯಾ ಅಪ್ಪ?"

"ಅಮ್ಮ ಏನು ನುಂಗಿದ್ಲು?" ಅಂದ ಅಂಟು. ನನ್ನ ಹೊಟ್ಟೆ ಮುಟ್ಟಿ ನೋಡಿ, ಆಸೆಯಿಂದ ಕೇಳಿದ: "ಜಿರಾಫೆನಾ?"

ನನ್ನ ಮುಂದೆ ಎರಡು ದಾರಿಗಳಿದ್ದವು. ನಿಜ ಹೇಳಬಹುದಿತ್ತು. ನನಗೇನೂ ಆಗಿಲ್ಲ, ನಿಮ್ಮೆಲ್ಲರಿಂದ ತಪ್ಪಿಸಿಕೊಂಡು ಕೂರುತ್ತೇನೆ, ಸಿಮೆಂಟು ಯಾವತ್ತೋ ಒಣಗಿದೆ ಅಂತ. ಕಾರು ತೊಳೆಯುವ ಪೈಪಿನಲ್ಲಿ ಸ್ನಾನ ಮಾಡಿ ಬಂದ ಮನುಷ್ಯನ ಮುಖ ನೋಡಿಕೊಂಡು ಅದನ್ನು ಹೇಳುವುದು ಹೇಗೆ? ಕೆಳಗೆ ಗೊತ್ತಾದರೆ ಮಕ್ಕಳನ್ನು ನೋಡಿಕೊಳ್ಳುವವರೂ ಹೋದರು, ಚಿಲಕವೂ ಹೋಯಿತು. ಹಾಗಾಗಿ ಎರಡನೆಯ ದಾರಿ ಹಿಡಿದೆ.

"ಹೂಂ," ಅಂದೆ, ಅನ್ನ ಕಲಸುತ್ತಾ. "ಸ್ವಲ್ಪ ಕಟ್ಟಿದೆ."

ಹೆಣ್ಣಾಗಿ ಹುಟ್ಟಿ, ಓದಿ, ಉದ್ಯೋಗ ಹಿಡಿದು, ಮನೆಮಂದಿಯ ಮುಂದೆ ಊಟದ ಹೊತ್ತಿನಲ್ಲಿ ಇಂಥ ಹೇಳಿಕೆ ಕೊಡುವ ಗತಿ ಶತ್ರುವಿಗೂ ಬೇಡ.

ಮುಂದಿನ ಭಾನುವಾರ, ನಾನಿನ್ನೂ ಹಾಸಿಗೆಯಲ್ಲಿ ಎದ್ದು ಕೂತಿರಲಿಲ್ಲ, ನರ್ಸಮ್ಮ ಒಂದು ಕಂದು ಬಣ್ಣದ ಬಾಟಲಿ, ಒಂದು ದೊಡ್ಡ ಚಮಚ ಹಿಡಿದು ಮಂಚದ ಪಕ್ಕ ಬಂದು ನಿಂತಿದ್ದರು. "ಖಾಲಿ ಹೊಟ್ಟೆ ತಾನೆ? ಬಾಯಿ ತೆಗಿ."

"ನರ್ಸಮ್ಮ, ನಂಗೆ ಈಗ ಎಷ್ಟೋ ವಾಸಿ..."

"ಮಾತಾಡೋಕೆ ತೆಗಿ ಅನ್ನಲಿಲ್ಲ."

ಸುರಿದರು. ಎಂಜಿನ್ ಆಯಿಲ್ಲಿಗೆ ಸಕ್ಕರೆ ಹಾಕಿದ ಹಾಗಿತ್ತು. "ಹಳೇ ಕೇಸು ಕಾಣುತ್ತೆ," ಅಂತ ಇನ್ನೊಂದು ಚಮಚ ಸುರಿದರು. ಮಕ್ಕಳಿಬ್ಬರೂ ಮಂಚದ ಅಂಚು ಹಿಡಿದು ನೋಡುತ್ತಿದ್ದರು. ಅಮ್ಮನ ಬಾಯಿಗೇ ಔಷಧಿ ಸುರಿಯುವವರೂ ಲೋಕದಲ್ಲಿದ್ದಾರೆ ಅಂತ ಅವರಿಗೆ ಗೊತ್ತಾದ ದಿನ ಅದು.

ಒಂದಷ್ಟು ಹೊತ್ತು ಏನೂ ಆಗಲಿಲ್ಲ. ಮಕ್ಕಳಿಗೆ ತಿಂಡಿ ಕೊಟ್ಟೆ. ಬಟ್ಟೆ ಮಡಚಿದೆ. ಆಮೇಲೆ ಹೊಟ್ಟೆಯೊಳಗೆ, ದೂರದಲ್ಲಿ ಯಾರೋ ಮಂಚ ಎಳೆದ ಹಾಗೆ ಸದ್ದಾಯಿತು. ಇನ್ನೊಮ್ಮೆ ಎಳೆದರು. ಮೂರನೆಯ ಸಲ ಎಳೆಯುವಷ್ಟರಲ್ಲಿ ನಾನು ಮಡಚುತ್ತಿದ್ದ ಅಂಗಿಯನ್ನು ಅಲ್ಲೇ ಬಿಟ್ಟು, ಕಾಲಿನಿಂದ ಅಂಟುವನ್ನು ಕಿತ್ತು ಅವನ ಅಕ್ಕನ ಕೈಗೆ ಕೊಟ್ಟು, ಮೆಟ್ಟಿಲು ಹಾರಿಕೊಂಡು ಕೆಳಗೆ ಓಡಿದೆ.

ನರ್ಸಮ್ಮನ ಬಾತ್‌ರೂಮಿನ ಬಾಗಿಲು ಮುಚ್ಚಿತ್ತು. ನರ್ಸಮ್ಮ ಅಡುಗೆಮನೆಯಲ್ಲಿದ್ದರು. ಹಾಗಾದರೆ ಒಳಗೆ ಯಾರು? ಬಡಿದೆ.

"ಯಾರೂ?" ಒಳಗಿನಿಂದ ನನ್ನ ಗಂಡನ ಧ್ವನಿ. ಪೇಪರ್ ಮಗುಚಿದ ಸದ್ದು.

"ರೀ! ನೀವಿಲ್ಲೇನು ಮಾಡ್ತಿದೀರಿ? ಸ್ಕೂಲಲ್ಲಿ ತಾನೆ ನಿಮ್ಮ ಸ್ನಾನ?"

"ಭಾನುವಾರ ಸ್ಕೂಲು ರಜಾ ಅಲ್ವೇನೇ?" ಧ್ವನಿ ಕನಸಿನಲ್ಲಿದ್ದ ಹಾಗಿತ್ತು. "ಲೇ, ಇಲ್ಲೊಂದು ಚಿಲಕ ಇದೆ ಗೊತ್ತಾ? ಎಷ್ಟು ಆರಾಮಾಗಿದೆ ಇಲ್ಲಿ! ಪೇಪರು ಪೂರ್ತಿ ಓದಿ ಎಷ್ಟು ವರ್ಷ ಆಗಿತ್ತು..."

"ಬೇಗ ಬನ್ನಿ ಹೊರಗೆ!"

"ನಿಧಾನ, ಗಾಬರಿ ಬೇಡ. ಸಂಪಾದಕೀಯ ಒಂದು ಬಾಕಿಯಿದೆ."

ಮದುವೆಯಾದಾಗಿನಿಂದ ಈ ಮನುಷ್ಯನ ಜೊತೆ ನನಗೆ ಎಷ್ಟೋ ಸಲ ಭಿನ್ನಾಭಿಪ್ರಾಯ ಬಂದಿದೆ. ಇಷ್ಟು ತುರ್ತಾಗಿ ಬಂದಿರಲಿಲ್ಲ. ಹೊಟ್ಟೆಯೊಳಗೆ ಈಗ ಮಂಚದ ಜೊತೆ ಬೀರುವನ್ನೂ ಎಳೆಯುತ್ತಿದ್ದರು. ತಿರುಗಿ ಮೆಟ್ಟಿಲು ಹತ್ತಿದೆ. ಏನಾಯಿತು ಏನಾಯಿತು ಅಂತ ಸೌಟು ಹಿಡಿದುಕೊಂಡೇ ನರ್ಸಮ್ಮ ನನ್ನ ಹಿಂದೆ ಹತ್ತಿದರು. ಮೇಲೆ ಬಾತ್‌ರೂಮಿನ ಮುಂದೆ ಕಿತ್ತಳೆ ಕೋನುಗಳು, ಕೋನುಗಳ ಮುಂದೆ ಕೈ ಅಗಲಿಸಿ ಲಾಯರಮ್ಮ.

"ಅಮ್ಮಾ! ಒಂದು ಹನಿ ಬೀಳಕೂಡದು ಅಂತ ನೀನೇ ಹೇಳಿದ್ದೆ!"

"ಹೇಳಿದ್ದೆ! ಪಕ್ಕಕ್ಕೆ ಸರಿ!"

"ಸಿಮೆಂಟು ಒಣಗಿಲ್ಲ!"

"ಒಣಗಿದೆ! ಯಾವತ್ತೋ ಒಣಗಿದೆ!" ಅಂತ ಕಿರುಚಿ, ಕೋನುಗಳನ್ನು ಒದ್ದು, ಒಳಗೆ ನುಗ್ಗಿ ಬಾಗಿಲು ತಳ್ಳಿದೆ. ಅಡ್ಡ ಇಡುವ ಬಕೆಟ್ಟು ಸ್ನಾನಕ್ಕೆ ಒಯ್ದದ್ದು ಕೆಳಮನೆಯಲ್ಲೇ ಉಳಿದಿತ್ತು. ಕಾಲು ಚಾಚಿ ಬಾಗಿಲಿಗೆ ಒತ್ತಿಕೊಂಡು ಕೂತೆ. ಸಂದಿಯಲ್ಲಿ ಐದು ಪುಟ್ಟ ಬೆರಳುಗಳು ಬಂದವು.

"ಅಮ್ಮ, ಜಿರಾಫೆ ಬಂತಾ?" ಅಂತ ಅಂಟು ಕೇಳಿದ.

ಮುಂದಿನದನ್ನು ವಿವರಿಸುವುದಿಲ್ಲ. ಧಾರಾಳವಾಗಿ ನೀರು ಹಾಕಬಹುದು ಅಂದಿದ್ದ ಪ್ಲಂಬರನ ಮಾತು ಸತ್ಯವಾಗಿತ್ತು, ಅಷ್ಟು ಹೇಳಿದರೆ ಸಾಕು.

ಒಳಗೆ ಕೂತು ಲೆಕ್ಕ ಹಾಕಿದೆ. ಯಾವತ್ತೋ ಒಣಗಿದೆ ಅಂತ ನನ್ನ ಬಾಯಿಂದಲೇ ಬಂದುಬಿಟ್ಟಿದೆ. ನರ್ಸಮ್ಮ ಕೇಳಿಸಿಕೊಂಡಿದ್ದಾರೆ. ನಾಳೆಯಿಂದ ಮಕ್ಕಳು ಗಾಜಿನ ಅಂಗಡಿಗೆ. ಅಂಟುವಿನ ಕೈಯಲ್ಲಿ ಒಂದು ಚಮಚ. ಕಣ್ಣು ಕತ್ತಲೆ ಬಂತು. (ಔಷಧಿಯಿಂದಲೂ ಇರಬಹುದು.)

ಗೋಡೆ ಹಿಡಿದುಕೊಂಡು ಹೊರಗೆ ಬಂದಾಗ ನರ್ಸಮ್ಮ ಆಗಷ್ಟೇ ಮತ್ತೆ ಮೆಟ್ಟಿಲು ಹತ್ತಿ ಬರುತ್ತಿದ್ದರು. ಹಿಂದೆ ಮಡಚಿದ ಪೇಪರು ಹಿಡಿದ ನನ್ನ ಗಂಡ.

"ಕೆಳಗೆ ನೋಡ್ಕೊಂಡು ಬಂದೆ," ಅಂದರು ನರ್ಸಮ್ಮ. "ಅಷ್ಟು ನೀರು ಸುರಿದ್ರೂ ಒಂದು ಹನಿ ಇಳಿದಿಲ್ಲ. ನೀನು ಹೇಳಿದ್ದು ಸರಿ, ಸಿಮೆಂಟು ಚೆನ್ನಾಗಿ ಒಣಗಿದೆ."

ನಾನು ಗೋಡೆಯನ್ನು ಇನ್ನೊಂದು ಕೈಯಿಂದಲೂ ಹಿಡಿದುಕೊಂಡೆ.

"ನಮಗೆ ತೊಂದರೆ ಆಗಬಾರ್ದು ಅಂತ ಪಾಪ ಎಷ್ಟು ದಿನ ಕಾದಳು ನೋಡು," ಅಂತ ನನ್ನ ಗಂಡನ ಕಡೆ ತಿರುಗಿದರು. "ಇಂಥ ಜನ ಸಿಗಲ್ಲ ಈಗಿನ ಕಾಲದಲ್ಲಿ." ಆಮೇಲೆ ನನ್ನ ಕೆನ್ನೆ ಹಿಡಿದು, "ಔಷಧೀನೂ ಕೆಲಸ ಮಾಡ್ತಲ್ಲ? ಮುಖ ಎಷ್ಟು ಹಗುರ ಆಗಿದೆ!"

ಹಗುರವೇನು, ಊದಿದರೆ ಹಾರುವ ಹಾಗಿದ್ದೆ. ಅಂತೂ ಬಚಾವಾದೆ. ಇವರು ಕೋನುಗಳನ್ನು ಎತ್ತಿಟ್ಟು, ರಸ್ತೆ ಸಂಚಾರಕ್ಕೆ ಮುಕ್ತ ಅಂತ ಘೋಷಿಸಿದರು. ಆ ಸಂತೋಷದಲ್ಲೇ ನಾನು ಧೈರ್ಯ ಮಾಡಿ, "ರೀ, ಹೇಗೂ ಎಲ್ಲ ಹೊಸದಾಗಿದೆ. ಬಾಗಿಲಿಗೆ ಒಂದು ಚಿಲಕ ಹಾಕಿಸೋಣ," ಅಂದೆ. ಅಂಟುವಿಗೆ ಎಟುಕದ ಎತ್ತರದಲ್ಲಿ ಹಾಕಿದರಾಯಿತು. ಇಷ್ಟು ಸರಳವಾದ ಉಪಾಯ ಅಲ್ಲಿಯವರೆಗೆ ನಮ್ಮಿಬ್ಬರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಇವರ ಕಣ್ಣೂ ಮಿಂಚಿತು. "ಹೌದಲ್ವಾ!" ಅಂದರು.

"ಚಿಲಕ?" ಅಂದರು ನರ್ಸಮ್ಮ. "ಜುಲಾಬು ತಗೊಳ್ಳೋ ಪೇಷೆಂಟು ಚಿಲಕ ಹಾಕ್ಕೊಂಡು ಒಳಗೆ ತಲೆ ತಿರುಗಿ ಬಿದ್ರೆ ಯಾರು ಜವಾಬ್ದಾರಿ? ಬೇಡವೇ ಬೇಡ. ಹಳೇ ಕೇಸು ಒಂದೇ ದಿನಕ್ಕೆ ವಾಸಿಯಾಗಲ್ಲ. ದಿನಾ ಬೆಳಿಗ್ಗೆ ಕೋರ್ಸು ಮುಗಿಯೋವರೆಗೂ ನಾನೇ ಬಂದು ನೋಡ್ಕೋತೀನಿ."

ಹೇಳಿದ ಹಾಗೆ ನಡೆಯುವವರು ನರ್ಸಮ್ಮ. ಈಗ ದಿನಾ ಬೆಳಿಗ್ಗೆ ನಾನು ಬಾತ್‌ರೂಮಿಗೆ ಹೋದ ತಕ್ಷಣ, ಬಾಗಿಲ ಹೊರಗೆ ಒಂದು ಕುರ್ಚಿ ಹಾಕಿಕೊಂಡು ಅವರು ಕೂರುತ್ತಾರೆ. ಅವರ ಒಂದು ಪಕ್ಕ ಲಾಯರಮ್ಮ, ಇನ್ನೊಂದು ಪಕ್ಕ ಅಂಟು. ಮೂವರಿಗೂ ಒಳಗಿನ ಬೆಳವಣಿಗೆಗಳಲ್ಲಿ ಅಪಾರ ಆಸಕ್ತಿ. ನನ್ನ ಗಂಡ ಮಾತ್ರ ಆ ಹೊತ್ತಿನಲ್ಲಿ ಮನೆಯಲ್ಲಿರುವುದಿಲ್ಲ. ಮೇಲೆ ನೀರು ಹಾಕಿದಾಗ ಕೆಳಗೆ ಸೋರುತ್ತದೋ ಇಲ್ಲವೋ ಒಬ್ಬರು ಪರೀಕ್ಷೆ ಮಾಡುತ್ತಿರಬೇಕಲ್ಲ ಅಂತ ನರ್ಸಮ್ಮನನ್ನು ಒಪ್ಪಿಸಿ, ಪೇಪರು ಕಂಕುಳಲ್ಲಿಟ್ಟುಕೊಂಡು ಕೆಳಮನೆಗೆ ಇಳಿದಿರುತ್ತಾರೆ.

"ಆಯ್ತಾ?" ಅಂತ ಹೊರಗಿನಿಂದ ನರ್ಸಮ್ಮ ಕೇಳುತ್ತಾರೆ.

ಆಯ್ತು ಅಂದರೆ ತಕ್ಷಣ ಹೊರಗೆ ಬರಬೇಕು. ಇನ್ನೂ ಇಲ್ಲ ಅಂದರೆ, ನಾಳೆಗೆ ಇನ್ನೊಂದು ಚಮಚ ಜಾಸ್ತಿ.